ರಟ್ಟಿನ ರಾಯರು ಮಾಡಿದ ಜೇನಿನ ಪೆಟ್ಟಿಗೆ

ತಿನಿಸಿನ ಅಂಗಡಿಗಳಿಗೆ ಅಂದವಾದ ಪೆಟ್ಟಿಗೆಗಳನ್ನು ರೂಪಿಸುವುದರಲ್ಲಿ ರಟ್ಟಿನ ರಾಯರದು ಎತ್ತಿದ ಕೈ. ಅವರ ಹೆಂಡತಿ ತಾರಸಿಯಲ್ಲಿ ಜೇನು ಸಾಕಿ, ಸೀಸೆಗಳಲ್ಲಿ ತುಂಬಿ ಮಾರುತ್ತಿದ್ದಳು. ಆ ಜೇನಿನ ಸೀಸೆಗೊಂದು ರಟ್ಟಿನ ಪೆಟ್ಟಿಗೆ ಮಾಡಿಕೊಡಲು ಮಾತ್ರ ರಾಯರಿಗೆ ಹನ್ನೊಂದು ವರ್ಷ ಬಿಡುವಾಗಲಿಲ್ಲ.

“ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋದು ನಿಮ್ಮನ್ನ ನೋಡೇ ಕಣ್ರೀ,” ಎಂದು ಅವಳು ನಗುತ್ತಿದ್ದಳು.

ಅವಳು ಆಸ್ಪತ್ರೆ ಸೇರಿದ ಮೇಲೆ, ರಾಯರು ಮೂರು ದಿನ ಕುಳಿತು ಆರು ಮೂಲೆಯ ಹಳದಿ ಪೆಟ್ಟಿಗೆಯೊಂದನ್ನು ಮಾಡಿ ತಂದರು. ಗಿರಾಕಿಯು ಕೈಯಾರೆ ತೆರೆದು ನೋಡದೆ ಯಾವ ಮಾದರಿಯೂ ಮುಗಿಯಿತೆಂದು ಅವರು ಹೇಳುತ್ತಿರಲಿಲ್ಲ. ಅವಳ ಕೈಗೂ ಹಾಗೆಯೇ ಕೊಟ್ಟರು. ಸೊರಗಿದ ಆ ಬೆರಳುಗಳಿಗೆ ಮುಚ್ಚಳ ಜಗ್ಗಲಿಲ್ಲ.

“ಬಿಗಿಯಾಯ್ತಲ್ರೀ. ಗಿರಾಕಿ ನಾನು, ಒಪ್ಪಲ್ಲ.”

“ಕೂದಲೆಳೆಯಷ್ಟು ಸಡಿಲ ಮಾಡಿದ್ರೆ ಆಯ್ತು. ಇರೇ, ಈಗ ಬಂದೆ.”

ರಾಯರು ತಮ್ಮ ಅಂಗಡಿಗೆ ಓಡಿ, ಹೊಸ ಮುಚ್ಚಳ ಕತ್ತರಿಸಿ, ಅಂಟು ಒಣಗುವ ತನಕ ಕಾದು ಮರಳಿದರು. ಮಗಳು ಬಾಗಿಲಲ್ಲೇ ಅವರ ತೋಳು ಹಿಡಿದುಕೊಂಡಳು.

“ಅಮ್ಮ ಹೋಗ್ಬಿಟ್ಲು ಅಪ್ಪಾ. ಅಪ್ಪ ಬಂದ್ರಾ ಅಂತ ಎರಡು ಸಲ ಕೇಳಿದ್ಲು.”

ರಾಯರು ಒಳಗೆ ಹೋಗಿ, ಅವಳ ಬೆರಳುಗಳನ್ನು ಮುಚ್ಚಳದ ಮೇಲಿಟ್ಟು, ತಮ್ಮ ಕೈಯಿಂದ ಹಿಡಿದು ಮೆಲ್ಲನೆ ಎತ್ತಿದರು. ಅದು ಸಲೀಸಾಗಿ ಮೇಲೆ ಬಂತು.

“ಈಗ ಒಪ್ಪಿಗೆಯೇನೇ?” ಎಂದು ಕೇಳಿದರು.