ಹಿಂದೆ ನಿಂತವಳು ಕೂಗಬೇಕು

ರಾಯಬಾಗದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಎದ್ದಿರುವುದು ಕಬ್ಬಿನ ಟ್ರ್ಯಾಕ್ಟರುಗಳು ಮಾತ್ರ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಕಾರ್ಖಾನೆಯ ದಾರಿ ಹಿಡಿದಿವೆ. ಶಾಲೆಯ ಹಿಂದಿನ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಸುಂದರಾ ಕಾಂಬಳೆ ಕಸಬರಿಗೆ ಹಿಡಿದು ಗುಡಿಸುತ್ತಿದ್ದಾರೆ. ರಾತ್ರಿಯ ಗಾಳಿ ತಂದು ಹಾಕಿದ ಕಬ್ಬಿನ ಒಣಗಿದ ಎಲೆ, ರವದಿ. ಅದರ ಮೇಲೆ ಕಾಲಿಟ್ಟರೆ ಓಡುವ ಹುಡುಗಿ ಜಾರಿ ಬೀಳುತ್ತಾಳೆ. ಸುಂದರಾ ಅವರ ಖಾಕಿ ಅಂಗಿಯ ಮೇಲೆ ಸ್ವೆಟರು, ಕಾಲಲ್ಲಿ ಗಂಡನ ಹಳೆಯ ಬೂಟು. ಎಂಟು ಗಂಟೆಗೆ ಅವರು ಬಸ್ ಡಿಪೋದಲ್ಲಿ ಇರಬೇಕು.

ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಾರೆ, ಸೈಕಲ್ಲು ಗೋಡೆಗೆ ಒರಗಿಸುತ್ತಾರೆ. ಐವರು ಬುಟ್ಟಿಯ ಮುಂದೆ ನಿಲ್ಲುತ್ತಾರೆ. ಮುಂದೆ ಇಬ್ಬರು, ಹಿಂದೆ ಮೂವರು. ಮುಂದಿನ ಇಬ್ಬರ ಕಣ್ಣಿಗೆ ಸುಂದರಾ ಓಢಣಿ ಕಟ್ಟುತ್ತಾರೆ. ಎದುರಿನವರು ಚೆಂಡು ಆಡಿಸತೊಡಗುತ್ತಾರೆ. ಕಣ್ಣು ಕಟ್ಟಿದವರಿಗೆ ಚೆಂಡು ಎಲ್ಲಿದೆ ಎಂದು ಗೊತ್ತಿಲ್ಲ. ಗೊತ್ತಿರುವುದು ಹಿಂದಿನ ಸಾಲಿನ ನಡುವೆ ನಿಂತ ಸೌಂದರ್ಯಾಳಿಗೆ. ತಂಡದಲ್ಲಿ ಎತ್ತರದ ಹುಡುಗಿ ಅವಳೊಬ್ಬಳೇ. ಎಡಕ್ಕೆ, ಬಲಕ್ಕೆ, ಬಂದಳು, ಬಿಡು ಎಂದು ಅವಳು ಕೂಗಿ ಹೇಳಬೇಕು. ಅವಳು ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಕೊನೆಗೆ ಮುಂದಿರುವ ನೀಲಮಳ ಬೆನ್ನಿಗೆ ಕೈ ಹಾಕಿ ತಳ್ಳುತ್ತಾಳೆ.

"ತಳ್ಳಬ್ಯಾಡ ಬೇ, ನಾ ಏನ ಎಮ್ಮಿ ಏನ?" ಕಣ್ಣು ಕಟ್ಟಿದ ನೀಲಮ ರೇಗುತ್ತಾಳೆ. "ದೇವರು ಬಾಯಿ ಕೊಟ್ಟಾನಲ್ಲ, ಬಾಯಿಲೆ ಹೇಳು."

ಅಂಕಣದ ಅಂಚಿನಿಂದ ಸುಂದರಾ ಏನೋ ಹೇಳುತ್ತಾರೆ. ಯಾರಿಗೂ ಕೇಳುವುದಿಲ್ಲ. ಕಸಬರಿಗೆ ಕೆಳಗಿಟ್ಟು, ಅಂಕಣ ದಾಟಿ ನಡೆದುಹೋಗಿ, ಸೌಂದರ್ಯಾಳ ಕಿವಿಯ ಹತ್ತಿರ ಬಾಯಿ ತಂದು ಮತ್ತೆ ಹೇಳುತ್ತಾರೆ. ಹುಡುಗಿ ತಲೆಯಾಡಿಸುತ್ತಾಳೆ. ಆಟ ಮತ್ತೆ ಶುರುವಾಗುತ್ತದೆ. ಸೌಂದರ್ಯಾ ಮತ್ತೆ ನೀಲಮಳ ಬೆನ್ನಿಗೇ ಕೈ ಹಾಕುತ್ತಾಳೆ.

ನಿಪ್ಪಾಣಿಯ ಪಂದ್ಯಾವಳಿಗೆ ಇನ್ನು ಮೂರು ವಾರ. ಅಷ್ಟರೊಳಗೆ ಈ ಹುಡುಗಿಯ ಬಾಯಿಂದ ಕೂಗು ಬರಬೇಕು. ಬೇರೆ ದಾರಿಯಿಲ್ಲ, ಏಕೆಂದರೆ ಸುಂದರಾ ಅವರಿಗೆ ಈಗ ದನಿಯಿಲ್ಲ.

ಅವರು ಬಸ್ ಕಂಡಕ್ಟರ್. ರಾಯಬಾಗದ ನಿಲ್ದಾಣದಲ್ಲಿ ನಿಂತು "ಕುಡಚಿ, ಕುಡಚಿ, ಹಾರೂಗೇರಿ, ಅಥಣಿ" ಎಂದು ಅವರು ಕೂಗಿದರೆ ಸಂತೆಯ ಆ ತುದಿಯಲ್ಲಿ ಮೆಣಸಿನಕಾಯಿ ತೂಗುವವರು ತಕ್ಕಡಿ ಬಿಟ್ಟು ಓಡಿ ಬರುತ್ತಿದ್ದರಂತೆ. ಕುತ್ತಿಗೆಯಲ್ಲಿ ಗಂಟು ಬೆಳೆಯಿತು. ಎರಡು ವರ್ಷದ ಹಿಂದೆ ಅದನ್ನು ತೆಗೆಸಿದರು. ದನಿಗೆ ಧಕ್ಕೆಯಾದರೂ ಆಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಗಂಟ ಹೋತು, ಸಂಗಟ ದನೀನೂ ಕರಕೊಂಡ ಹೋತು," ಎನ್ನುತ್ತಾರೆ ಸುಂದರಾ. ಈಗ ಅವರಿಗೆ ಬಸ್ಸಿನ ಕೆಲಸ ಇಲ್ಲ. ಡಿಪೋದ ಕಿಟಕಿಯಲ್ಲಿ ಕುಳಿತು ಉಳಿದ ಕಂಡಕ್ಟರುಗಳಿಗೆ ಟಿಕೆಟ್ ಮಷಿನ್ ಕೊಡುತ್ತಾರೆ. ಹೊರಡುವ ಬಸ್ಸುಗಳ ಸದ್ದು ಕೇಳುತ್ತಾ ಕೂತಿರುತ್ತಾರೆ. ಯಾವ ಬಸ್ಸು ಯಾವ ಊರಿಗೆ ಎಂದು ತಲೆಯೆತ್ತದೆ ಹೇಳಬಲ್ಲರು. ಹೇಳಿದ್ದು ಕೇಳಬೇಕಾದರೆ ಕಿಟಕಿಯೊಳಗೆ ತಲೆ ತೂರಿಸಬೇಕು.

ಬಾಸ್ಕೆಟ್‌ಬಾಲ್ ಅವರಿಗೆ ಶಾಲೆಯಲ್ಲೇ ಅಂಟಿದ್ದು. ದೈಹಿಕ ಶಿಕ್ಷಕರಾಗಿದ್ದ ಭೂಪಾಲ ಸರ್ ಈ ಗಿಡ್ಡ ಹುಡುಗಿಯನ್ನು ತಂದು ಹಿಂದಿನ ಸಾಲಿನ ನಡುವೆ ನಿಲ್ಲಿಸಿದಾಗ ಎಲ್ಲರೂ ನಕ್ಕಿದ್ದರು. ಆ ಜಾಗಕ್ಕೆ ಎತ್ತರದವರನ್ನು ಹಾಕುವುದು ರೂಢಿ. "ಸರ್ ಅಂದಿದ್ರು, ನೀ ಕುಳ್ಳಿ ಇದ್ರೂ ನಿನ್ನ ದನಿ ಆರು ಫೂಟ್ ಐತಿ, ಅದನ್ನ ನಿಂದ್ರಿಸಾಕತ್ತೇನಿ ಅಂತ," ಎನ್ನುತ್ತಾರೆ ಸುಂದರಾ. ಭೂಪಾಲ ಸರ್ ಈಗಿಲ್ಲ. ಅವರು ಹೋದ ಮೇಲೆ ಹೊಸಬರು ಬರುವವರೆಗೆ ನೋಡಿಕೊಳ್ಳಿ ಎಂದು ಶಾಲೆಯವರು ಸುಂದರಾ ಅವರನ್ನು ಕೇಳಿದರು. ಹೊಸಬರು ಬಂದರು, ವರ್ಗವಾಗಿ ಹೋದರು. ಸುಂದರಾ ಬೆಳಿಗ್ಗೆ ಬರುತ್ತಲೇ ಇದ್ದಾರೆ.

ಅವರು ಕಲಿಸುವುದು ಮುಖ್ಯವಾಗಿ ಎರಡು ವಿದ್ಯೆ. ಒಂದು ಝೋನ್, ಅಂದರೆ ಎದುರಾಳಿಯನ್ನು ಕಾಯದೆ ಜಾಗವನ್ನು ಕಾಯುವುದು. ಇನ್ನೊಂದು ಪ್ರೆಸ್, ಎದುರಾಳಿ ತನ್ನ ಬುಟ್ಟಿಯ ಕೆಳಗೆ ಚೆಂಡು ಕೈಗೆತ್ತಿಕೊಂಡ ಕೂಡಲೇ ಇಡೀ ಅಂಕಣದುದ್ದಕ್ಕೂ ಮುತ್ತುವುದು. ಎರಡನ್ನೂ ಅವರು ಬಸ್ಸಿನ ಮಾತಿನಲ್ಲೇ ಹೇಳುತ್ತಾರೆ.

"ಮಂದಿ ತುಂಬಿದ ಗರ್ದಿ ಬಸ್ಸಿನ್ಯಾಗ ಒಬ್ಬೊಬ್ಬರ ಬೆನ್ನ ಹತ್ತಿದ್ರ ಕಂಡಕ್ಟರ್ ಸಾಯತಾನ. ನಿಮ್ಮ ಜಾಗಾ ಹಿಡದ ನಿಂದರ್ರಿ. ಯಾರ ಆ ಜಾಗಾಕ್ಕ ಬರತಾರ, ಅವರು ನಿಮ್ಮವರು. ದಾಟಿ ಹೋದ್ರ ಮುಂದಿನಾಕಿಗೆ ಒದರಿ ಹೇಳ್ರಿ." ಪ್ರೆಸ್ ಎಂದರೆ ಸಂತೆಯ ದಿನದ ಬಸ್ಸು. "ಬಸ್ ಬಿಟ್ಟ ಮ್ಯಾಲ ಟಿಕೆಟ್ ಕೊಡ್ತೀನಿ ಅಂದ್ರ ಅರ್ಧ ಮಂದಿ ಮುಂದಿನ ಸ್ಟಾಪಿನ್ಯಾಗ ಇಳದ ಹೋಗಿರ್ತಾರ. ಬಾಗಲದಾಗ ಹಿಡೀಬೇಕು. ಮೂಲಿಗೆ ನೂಕ್ರಿ, ಇಬ್ಬರು ನಿಂದರ್ರಿ. ಹೊರಗಿನ ಗೆರಿ ಐತೆಲ್ಲ, ಅದೂ ನಮ್ಮಾಕೀನ, ಅವರ ಕೈಯಿಂದ ದಾಟಿದ್ರ ಚೆಂಡ ನಮಗ."

ಗಿಡ್ಡ ಹುಡುಗಿಯರ ತಂಡಕ್ಕೆ ಇದು ಬಿಟ್ಟರೆ ಗತಿಯಿಲ್ಲ. ಎದುರಿಗೆ ಬರುವ ಅಥಣಿಯ ಹುಡುಗಿಯರು ಎತ್ತರ. ಬುಟ್ಟಿಯ ಕೆಳಗೆ ಬಂದರೆ ಚೆಂಡು ಅವರದೇ. ಅಲ್ಲಿಯವರೆಗೆ ಬರಲು ಬಿಡಬಾರದು. ಬಂದೇಬಿಟ್ಟರೆ ಹಿಂದೆ ನಿಂತವಳು ಕೂಗಬೇಕು, ಏಕೆಂದರೆ ಇಡೀ ಅಂಕಣ ಕಾಣುವುದು ಅವಳೊಬ್ಬಳಿಗೇ. ಅವಳಿಗೆ ಇನ್ನೊಂದು ಅಭ್ಯಾಸವೂ ಬೇಕು. ಆಗಾಗ ತಿರುಗಿ ಬೆನ್ನ ಹಿಂದೆ ನೋಡುತ್ತಿರಬೇಕು. "ಕುತ್ತಿಗಿ ಬಿಗಿ ಆತಂದ್ರ ಝೋನ್ ಸತ್ತಂಗ," ಎಂದು ಸುಂದರಾ ಹುಡುಗಿಯರ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಾರೆ. ಅದನ್ನು ಸೌಂದರ್ಯಾ ಬೇಗ ಕಲಿತಳು. ನಡೆಯುವಾಗ, ಸೈಕಲ್ ಹೊಡೆಯುವಾಗ, ಗುಡಿಯಲ್ಲಿ ಕೈ ಮುಗಿದು ನಿಂತಾಗಲೂ ತಿರುಗಿ ನೋಡುತ್ತಾಳೆ ಎಂದು ಗೆಳತಿಯರು ಚೇಷ್ಟೆ ಮಾಡುತ್ತಾರೆ. ಬರದೇ ಇರುವುದು ಕೂಗು ಒಂದೇ.

ದನಿ ಇದ್ದ ಕಾಲದಲ್ಲಿ ಅಂಕಣದ ಹೊರಗಿನಿಂದ ಸುಂದರಾ ಅವರೇ ಕೂಗುತ್ತಿದ್ದರು. ಐವರೂ ಅವರ ದನಿಗೆ ಆಡುತ್ತಿದ್ದರು. ಯಾರೂ ತಾವಾಗಿ ಕೂಗುವ ಪ್ರಸಂಗವೇ ಬರಲಿಲ್ಲ. ಕಳೆದ ವರ್ಷ ಅಥಣಿಯವರ ಎದುರು ಕೊನೆಯ ಗಳಿಗೆಯಲ್ಲಿ ಒಬ್ಬ ಹುಡುಗಿ ನೀಲಮಳ ಬೆನ್ನ ಹಿಂದೆ ನುಸುಳಿದಳು. ಸೌಂದರ್ಯಾ ನೋಡಿದಳು, ಕೈ ಎತ್ತಿದಳು. ಕೂಗಲಿಲ್ಲ. ಹೊರಗಿದ್ದ ಸುಂದರಾ ಎದ್ದು ನಿಂತರು. "ನಾ ಬಾಯಿ ತಗದೆ. ಬರೇ ಗಾಳಿ ಬಂತು." ಚೆಂಡು ಬುಟ್ಟಿಯೊಳಗೆ ಬಿತ್ತು. ಪಂದ್ಯ ಮುಗಿಯಿತು.

ಸೌಂದರ್ಯಾಳದು ತೋಟದ ಮನೆ. ಹೆಣ್ಣುಮಗಳ ದನಿ ಹೊಸ್ತಿಲು ದಾಟಬಾರದು ಎಂದು ಕಲಿಸಿ ಬೆಳೆಸಿದ ಮನೆ. ಅಜ್ಜ ಪಡಸಾಲೆಯಲ್ಲಿದ್ದರೆ ಅಡುಗೆಮನೆಯಲ್ಲಿ ಸೌಟಿನ ಸಪ್ಪಳವೂ ಸಣ್ಣದಾಗುತ್ತದೆ. "ಆಕಿಗೆ ಆಟ ಬರತೈತ್ರಿ, ಒದರೂದ ಬರೂದಿಲ್ಲ," ಎನ್ನುತ್ತಾರೆ ಸುಂದರಾ. "ಹದಿನಾರ ವರ್ಷ ಮುಚ್ಚಿ ಇಟ್ಟ ಬಾಯಿ. ಮೂರು ವಾರದಾಗ ತಗೀಬೇಕಂದ್ರ ಹೆಂಗ?"

ಓಢಣಿ ಕಟ್ಟಿದ್ದು ಸಾಲದೆ ಹೋದಾಗ ಅವರು ತಮಗೆ ಗೊತ್ತಿದ್ದ ಇನ್ನೊಂದು ಶಾಲೆಗೆ, ಬಸ್ ನಿಲ್ದಾಣಕ್ಕೆ, ಹುಡುಗಿಯನ್ನು ಕರೆದೊಯ್ಯುತ್ತಾರೆ. ಸೋಮವಾರ, ಸಂತೆಯ ಗದ್ದಲ. ಕುಡಚಿಯ ಬಸ್ಸು ನಿಂತಿದೆ. ಬಾಗಿಲ ಮೆಟ್ಟಿಲ ಮೇಲೆ ಸೌಂದರ್ಯಾ, ಕೆಳಗೆ ಸುಂದರಾ. ಊರ ಹೆಸರು ಕೂಗು ಎಂದು ಕೈಸನ್ನೆ ಮಾಡುತ್ತಾರೆ.

"ಕುಡಚಿ," ಎನ್ನುತ್ತಾಳೆ ಹುಡುಗಿ, ಯಾರಿಗೋ ಗುಟ್ಟು ಹೇಳಿದಂತೆ.

ಬಸ್ಸಿನ ಕಂಡಕ್ಟರ್ ಸಿದ್ದಲಿಂಗ ಹಣೆ ಚಚ್ಚಿಕೊಳ್ಳುತ್ತಾನೆ. "ಅಕ್ಕಾ, ಇಕಿನ ನಂಬಿದ್ರ ಬಸ್ ಖಾಲಿ ಹೋಗತೈತಿ. ಕುಡಚಿಗೆ ಕರೀತಾಳೋ, ಮಂದಿನ ಮಲಗಸ್ತಾಳೋ?"

ಸುತ್ತಲಿನವರು ನಗುತ್ತಾರೆ. ಹುಡುಗಿಯ ಕಣ್ಣಲ್ಲಿ ನೀರು. ಸುಂದರಾ ಕೆಳಗೆ ನಿಂತೇ ಇರುತ್ತಾರೆ. ಬಸ್ಸು ಹೊರಡುವ ಹೊತ್ತಿಗೆ, ಸಿದ್ದಲಿಂಗ ಇನ್ನೊಮ್ಮೆ ಏನೋ ಚುಡಾಯಿಸುವ ಹೊತ್ತಿಗೆ, ಸಿಟ್ಟಿನಲ್ಲಿ ಅವಳ ಬಾಯಿಂದ "ಕುಡಚೀ!" ಎಂದು ಹೊರಬೀಳುತ್ತದೆ. ಬಾಳೆಹಣ್ಣಿನ ಗಾಡಿಯ ಮುದುಕಿ ಬೆಚ್ಚಿ ತಿರುಗುತ್ತಾಳೆ. ಸುಂದರಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ಎಷ್ಟೋ ದಿನಗಳ ಮೇಲೆ ಆ ಜಾಗದಿಂದ, ಅಷ್ಟೆತ್ತರದಿಂದ ಒಂದು ಹೆಣ್ಣುದನಿ.

ಸುದ್ದಿ ತೋಟದ ಮನೆ ಮುಟ್ಟಲು ತಡವಾಗುವುದಿಲ್ಲ. ಮರುದಿನ ಬೆಳಿಗ್ಗೆ ಸೌಂದರ್ಯಾಳ ತಾಯಿ ಸೋನಾಬಾಯಿ ಅಂಕಣಕ್ಕೇ ಬರುತ್ತಾರೆ. ಗೇಟಿನಿಂದಲೇ ಶುರು. "ಏನ್ರಿ ಬಾಯಿ, ನನ್ನ ಮಗಳನ ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರಿಸಿ ಒದರಸೀರಂತ? ನಾಳೆ ಬೀಗರು ಬಂದ್ರ ಏನ ಹೇಳ್ಲಿ ನಾ, ಕಂಡಕ್ಟರ್ ಮಾಡೇನಿ ಅನ್ಲ್ಯಾ?"

ಸುಂದರಾ ಉತ್ತರ ಕೊಡುತ್ತಾರೆ. ಕೇಳುವುದಿಲ್ಲ. ಸೋನಾಬಾಯಿ ನಾಲ್ಕು ಹೆಜ್ಜೆ ಮುಂದೆ ಬಂದು "ಏನಂದ್ರಿ?" ಎನ್ನುತ್ತಾರೆ. ಇನ್ನೂ ಕೇಳುವುದಿಲ್ಲ. ಕೊನೆಗೆ ಇಬ್ಬರೂ ತಲೆಗೆ ತಲೆ ತಾಗುವಷ್ಟು ಹತ್ತಿರ ನಿಲ್ಲಬೇಕಾಗುತ್ತದೆ. ಅಷ್ಟು ಹತ್ತಿರ ನಿಂತು ಜಗಳ ಮಾಡಲು ಬರುವುದಿಲ್ಲ.

"ಹೊಲದಾಗ ಹಾವು ಬಂದ್ರ ಆಕಿ ನಿಮ್ಮನ್ನ ಹೆಂಗ ಕರೀಬೇಕ್ರಿ ಅಕ್ಕಾ?" ಸುಂದರಾ ಕೇಳಿದ್ದು ಇಷ್ಟೇ.

ಸೋನಾಬಾಯಿಯ ಕಣ್ಣು ಅವರ ಕುತ್ತಿಗೆಯ ಮೇಲಿನ ಹೊಲಿಗೆಯ ಗೆರೆಗೆ ಬೀಳುತ್ತದೆ. "ನೋವ ಐತೇನ್ರಿ?" ಎಂದು ಕೇಳುತ್ತಾರೆ. ಆಮೇಲೆ ಸೆರಗು ಸರಿಮಾಡಿಕೊಂಡು, "ನಿಪ್ಪಾಣಿ ಮುಗಿಯೂತನಕ. ಬಸ್‌ಸ್ಟ್ಯಾಂಡ್ ಬ್ಯಾಡ," ಎಂದು ಹೊರಟುಹೋಗುತ್ತಾರೆ.

ಸುಂದರಾ ಅವರ ಮನೆಯಲ್ಲಿ ಗಂಡ ವಿಶ್ವಾಸ ಸಮವಸ್ತ್ರ ಹೊಲಿಯುತ್ತಾರೆ. ಹೆಂಡತಿ ಮಾತಾಡಿದರೆ ಮಷಿನ್ ನಿಲ್ಲಿಸಿಯೇ ಕೇಳಬೇಕು. "ಮಂದಿ ನಗಚಾಟಗಿ ಮಾಡತಾರ, ನಿನ್ನ ಮನಿ ಶಾಂತ ಆತು ನೋಡೋ ಅಂತ. ನನಗ ಆ ಶಾಂತಿ ಬ್ಯಾಡಾಗೇತ್ರಿ," ಎನ್ನುತ್ತಾರೆ ಅವರು. ಹಳೆಯ ದನಿ ಎಲ್ಲಾದರೂ ಫೋನಿನಲ್ಲಿ ಉಳಿದಿದೆಯೇ ಎಂದು ಹುಡುಕಿದರಂತೆ. ಮದುವೆ, ಮುಂಜಿ, ಜಯಂತಿ ಎಲ್ಲದರ ಚಿತ್ರಗಳಿವೆ. ದನಿ ಎಲ್ಲಿಯೂ ಇಲ್ಲ. "ದಿನಾ ಕೇಳೂ ದನಿ. ಅದನ್ನ ಯಾರ ಹಿಡದ ಇಡತಾರ?" ಮತ್ತೆ ಮಷಿನ್ ಓಡತೊಡಗುತ್ತದೆ.

ಜನವರಿಯಲ್ಲಿ ನಿಪ್ಪಾಣಿ. ಸೆಮಿಫೈನಲ್ಲಿನಲ್ಲಿ ಎದುರಿಗೆ ಮತ್ತೆ ಅಥಣಿ. ಮೊದಲರ್ಧದಲ್ಲಿ ರಾಯಬಾಗದ ಹುಡುಗಿಯರು ಬಾಗಿಲಲ್ಲೇ ಹಿಡಿಯುತ್ತಾರೆ. ಎಂಟು ಸೆಕೆಂಡಿನೊಳಗೆ ನಡುಗೆರೆ ದಾಟಬೇಕಾದ ಅಥಣಿಯವರು ಮೂಲೆಯಲ್ಲಿ ಸಿಕ್ಕಿಬಿದ್ದು ಚೆಂಡನ್ನು ಹೊರಗೆಸೆಯುತ್ತಾರೆ. ಆಮೇಲೆ ಓಡಿ ಓಡಿ ರಾಯಬಾಗದವರ ಕಾಲುಗಳು ಸೋಲುತ್ತವೆ. ಪ್ರೆಸ್ ಮುರಿಯುತ್ತದೆ, ಎಲ್ಲರೂ ಹಿಂದೆ ಸರಿದು ಝೋನ್‌ಗೆ ನಿಲ್ಲುತ್ತಾರೆ. ಕೊನೆಯ ಗಳಿಗೆ, ರಾಯಬಾಗ ಎರಡೇ ಅಂಕ ಮುಂದೆ. ಕಳೆದ ವರ್ಷದ ಅದೇ ಹುಡುಗಿ, ಅದೇ ನೀಲಮಳ ಬೆನ್ನ ಹಿಂದೆ.

ಸುಂದರಾ ಎದ್ದು ನಿಲ್ಲುತ್ತಾರೆ. ಅವರ ಬಾಯಿ ತೆರೆದಿದೆ.

"ಬಂದಳಾ! ನೀಲಮಾ, ಹಿಂದ! ಬಲಕ್ಕ ಬಾ, ಬಲಕ್ಕ!"

ಕೂಗು ಬಂದದ್ದು ಅಂಕಣದೊಳಗಿನಿಂದ. ನೀಲಮ ನೋಡುವುದೂ ಇಲ್ಲ. ದನಿ ಹೇಳಿದ ಕಡೆ ಸರಿದು ಕೈ ಚಾಚುತ್ತಾಳೆ. ಚೆಂಡು ಅವಳ ಬೆರಳಿಗೆ ಬಡಿದು ಗೆರೆಯಾಚೆ ಉರುಳುತ್ತದೆ. ಅಷ್ಟರಲ್ಲಿ ಸಮಯ ಮುಗಿದ ಸೀಟಿ ಕೇಳುತ್ತದೆ. ರಾಯಬಾಗ ಫೈನಲ್ಲಿಗೆ.

ಮರುದಿನದ ಫೈನಲ್ ಅವರು ಸೋತರು. ನಿಪ್ಪಾಣಿಯವರು ಚೆನ್ನಾಗಿ ಆಡಿದರು ಎಂದು ಸುಂದರಾ ಅಷ್ಟಕ್ಕೇ ಬಿಡುತ್ತಾರೆ. ಅವರಿಗೆ ನೆನಪಿರುವುದು ಬೇರೆ. ಅಂದು ಬಸ್ಸಿನಲ್ಲಿ ಮರಳುವಾಗ ಸೌಂದರ್ಯಾ ಗಂಟಲು ಕಟ್ಟಿ ಕುಳಿತಿದ್ದಳು. "ಅಕ್ಕಾರ, ನಂದೂ ಹೋತ್ರಿ ದನಿ," ಎಂದು ಪಿಸುಗುಟ್ಟಿ ನಕ್ಕಳಂತೆ. "ನಾಳೆ ಬರತೈತಿ ಬೇ, ನಿಂದು," ಎಂದರಂತೆ ಸುಂದರಾ. ಹುಡುಗಿ ನಗು ನಿಲ್ಲಿಸಿ ಅವರ ಕೈ ಹಿಡಿದುಕೊಂಡಳಂತೆ. ಚಿಕ್ಕೋಡಿ ದಾಟುವವರೆಗೆ ಬಿಡಲಿಲ್ಲ.

ನಿಪ್ಪಾಣಿ ಮುಗಿಯಿತು. ಸೋನಾಬಾಯಿ ಮಗಳನ್ನು ನಿಲ್ಲಿಸಲಿಲ್ಲ. ಒಂದು ದೂರು ಮಾತ್ರ ಕಳಿಸಿದ್ದಾರೆ: ಈಗ ಮನೆಯಲ್ಲೂ ಅಜ್ಜನ ಮುಂದೆಯೇ ಬಾಯಿ ಮಾಡುತ್ತಾಳೆ ಎಂದು.

ಸುಂದರಾ ದಿನಾ ಬೆಳಿಗ್ಗೆ, ಹುಡುಗಿಯರು ಬರುವ ಮೊದಲು, ಕಬ್ಬಿನ ಹೊಲದ ಕಡೆ ಮುಖ ಮಾಡಿ ಡಾಕ್ಟರು ಹೇಳಿಕೊಟ್ಟಂತೆ ದನಿ ತೆಗೆದು ನೋಡುತ್ತಾರೆ. ಬಂದರೂ ಬರಬಹುದು ಎಂದಿದ್ದಾರಂತೆ. ಬಂದರೆ ಏನು ಕೂಗುತ್ತೀರಿ ಎಂದರೆ ಬಸ್ಸಿನ ಊರುಗಳ ಹೆಸರು ಹೇಳುವುದಿಲ್ಲ. "ಯಾವ ಹುಡುಗಿಗೆ ಏನ ಹೇಳೂದಿದ್ರೂ ನಡದ ಹೋಗಬೇಕ್ರಿ. ಒಮ್ಮೆ ಇಲ್ಲೆ ನಿಂತು, ಆ ತುದ್ಯಾಗಿದ್ದಾಕಿನ ಹೆಸರ ಹಿಡದು ಕರೀಬೇಕು. ಆಕಿ ತಿರಗಿ ನೋಡಬೇಕು. ಅಷ್ಟ."

ಬಿಸಿಲು ಅಂಕಣಕ್ಕೆ ಇಳಿದಿದೆ. ಡಿಪೋದ ಹೊತ್ತಾಯಿತು. ಹುಡುಗಿಯರು ಸೈಕಲ್ ಹತ್ತಿ ಹೊರಟಿದ್ದಾರೆ. ಕೊನೆಯವಳು ಸೌಂದರ್ಯಾ, ಟ್ರ್ಯಾಕ್ಟರುಗಳ ಸಾಲಿನ ಪಕ್ಕದಲ್ಲಿ ದೂರವಾಗುತ್ತಿದ್ದಾಳೆ. ಸುಂದರಾ ಗೇಟಿನ ಕಂಬ ಹಿಡಿದು ನಿಂತು ಬಾಯಿ ತೆರೆಯುತ್ತಾರೆ. ತುಟಿಯ ಮೇಲೆ ಆ ಹೆಸರಿನ ಆಕಾರ ಕಾಣುತ್ತದೆ. ಪಕ್ಕದಲ್ಲಿ ನಿಂತವರಿಗೂ ಕೇಳುವುದು ಉಸಿರು ಮಾತ್ರ.

ತಿರುವಿನಲ್ಲಿ ಹುಡುಗಿ ಕುತ್ತಿಗೆ ತಿರುಗಿಸಿ ನೋಡುತ್ತಾಳೆ. ನೋಡಿ, ಕೈ ಎತ್ತುತ್ತಾಳೆ. ಸುಂದರಾ ಅವರೂ ಎತ್ತುತ್ತಾರೆ.

"ಕೇಳಿಸಿಲ್ಲ ಬಿಡ್ರಿ ಆಕಿಗೆ," ಎನ್ನುತ್ತಾರೆ ಸುಂದರಾ, ಕೈ ಕೆಳಗಿಳಿಸದೆ. "ಹಿಂದ ತಿರಗಿ ನೋಡೂದು ರೂಢಿ ಆಗೈತಿ. ಅದನ್ನ ನಾನ ಕಲಿಸೇನಿ."