ಕೆಜಿಯಾ ಕಿತ್ತ ಎಂಟು ವರ್ಷ

1828ನೇ ಇಸವಿಯಲ್ಲಿ, ಮ್ಯಾಸಚೂಸೆಟ್ಸ್ ಕಡಲತೀರದ ನಮ್ಮೂರಿಗೆ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ಬಂದ ಕೆಜಿಯಾ ಲೂಮಿಸ್‌ಗೆ ನಲವತ್ತೆರಡು ವಯಸ್ಸು. ಅದು ಯಾರಿಗೂ ಗೊತ್ತಾಗಬಾರದು ಅನ್ನುವುದೇ ಅವಳಿಗಿದ್ದ ದೊಡ್ಡ ಚಿಂತೆ. ಕೇಳಿದವರಿಗೆ "ಮೂವತ್ತು ದಾಟಿದೆ ಅಷ್ಟೆ" ಅನ್ನುತ್ತಿದ್ದಳು. ದಾಟಿದ್ದಂತೂ ನಿಜ ತಾನೆ!

ಚಿಂತೆಗೆ ಕಾರಣ ಡೀಕನ್ ಓಬೆಡ್ ಸ್ಪ್ರೇಗ್. ಚರ್ಚಿನ ಹಿರಿಯ, ಹೆಂಡತಿ ಸತ್ತವನು, ಅರವತ್ತರ ಹತ್ತಿರದವನು. ಹೊಸ ಹೆಂಡತಿ ಹುಡುಕುತ್ತಿದ್ದ. ವಾರಕ್ಕೊಮ್ಮೆ ಅವಳ ಮನೆಗೆ ಬಂದು ಸೇಬಿನ ಪೈ ತಿಂದು, ಬೆರಳು ನೆಕ್ಕಿ, ದೇವರಿಗೆ ಧನ್ಯವಾದ ಹೇಳಿ ಹೋಗುತ್ತಿದ್ದ. ಪೈ ಮಾಡಿದವಳಿಗೆ ಹೇಳುತ್ತಿರಲಿಲ್ಲ. ಆದರೂ ಕೆಜಿಯಾಗೆ ಅವನೇ ಬೇಕು. ಒಂಟಿತನ ಅವಳನ್ನು ಅಷ್ಟು ಹಣ್ಣು ಮಾಡಿತ್ತು.

ಇಷ್ಟರಲ್ಲಿ ಊರಿನ ತಾಯಂದಿರು, "ನೀವು ಚಿಕ್ಕೋರಿದ್ದಾಗ ಹಾಕಿದ ಕಸೂತಿಪಟ ಎಲ್ಲಮ್ಮ? ನೋಡದೆ ಮಕ್ಕಳನ್ನ ಹೇಗೆ ಬಿಡೋದು?" ಎಂದು ಶುರುಮಾಡಿದರು. ನಮ್ಮ ಕಡೆ ಹುಡುಗಿಯ ಕೈಗುಣ, ಮನೆತನ ಎರಡನ್ನೂ ಜನ ಓದುವುದು ಆ ಪಟದಲ್ಲೇ. ಪೆಟ್ಟಿಗೆಯಿಂದ ತೆಗೆದು ನೋಡಿದಳು. ಮೇಲೆ ಅಕ್ಷರಮಾಲೆ, ಕೆಳಗೆ ಬಾಗಿದ ಮರ, ನಡುವೆ ಮನೆತನ: ಅಪ್ಪ ಅಮೋಸ್ ಕಡಲುಪಾಲಾದದ್ದು 1790, ಅಮ್ಮ ಪೇಷೆನ್ಸ್‌ಳ ಒಬ್ಬಳೇ ಮಗಳು ಕೆಜಿಯಾ ಹುಟ್ಟಿದ್ದು 1786.

ಸೂಜಿ ಹಿಡಿದು ಕೊನೆಯ ಎರಡು ಅಂಕಿ ಕಿತ್ತಳು. ಅಲ್ಲಿ 94 ಹೊಲಿದಳು. ಹೊಸ ನೂಲನ್ನು ಚಹಾದಲ್ಲಿ ಅದ್ದಿ ಮಾಸಲು ಬಣ್ಣ ಬರಿಸಿದ್ದೇನು, ಹಿಂದಿನ ಗಂಟು ಅಡಗಿಸಿದ್ದೇನು! ಎಂಟು ವರ್ಷ ಮಾಯ. ಗೋಡೆಗೆ ತೂಗುಹಾಕಿ, ತನ್ನ ಬೆನ್ನು ತಾನೇ ತಟ್ಟಿಕೊಂಡಳು. ತನ್ನ ಹೆಸರಿನ ಮೇಲಿನ ಸಾಲು ಓದುವ ಗೋಜಿಗೆ ಹೋಗಲಿಲ್ಲ.

ಓದಿದವಳು ಜಿಲ್ಫಾ ಪೀಸ್ಲಿ. ಮಗಳನ್ನು ಬಿಡಲು ಬಂದವಳು ಪಟದ ಮುಂದೆ ನಿಂತು, ಬೆರಳು ಮಡಿಸಿ ವರ್ಷ ಎಣಿಸಿ, ಬಾಯಿಗೆ ಕೈ ಇಟ್ಟುಕೊಂಡು ಹೋದಳು. ಆ ಬಾಯಿ ಸಂಜೆವರೆಗೆ ಮುಚ್ಚಲಿಲ್ಲ. ಅಂದಿನಿಂದ ಹೆಂಗಸರೆಲ್ಲ ಕೆಜಿಯಾಳ ಕೈ ಹಿಡಿದು, "ಪಾಪ, ಮಕ್ಕಳದೇನು ತಪ್ಪು" ಅನ್ನತೊಡಗಿದರು. ತನಗೆ ಡೀಕನ್ ಸಿಗುತ್ತಾನೆಂಬ ಹೊಟ್ಟೆಕಿಚ್ಚು ಎಂದುಕೊಂಡು ಇವಳು ಒಳಗೊಳಗೇ ಬೀಗಿದಳು.

ಡೀಕನ್ ಒಂದು ದಿನ ಪೈ ಮುಗಿಸಿ ಗಂಟಲು ಸರಿಮಾಡಿಕೊಂಡ. "ಕೆಜಿಯಾ, ನಾನು ನಿನ್ನ ಕೈ ಹಿಡೀತೀನಿ. ನಿನ್ನ ತಾಯಿಯ ಪಾಪವನ್ನೂ ಕ್ಷಮಿಸಿದ್ದೀನಿ."

"ನಮ್ಮಮ್ಮನ ಪಾಪವಾ? ಯಾವುದು?"

"ಹೇಳೋಕೆ ನಾಚಿಕೆ. ಗಂಡ ಮುಳುಗಿ ನಾಲ್ಕು ವರ್ಷಕ್ಕೆ ನೀನು ಹುಟ್ಟಿದ್ದೀಯ. ಗೋಡೆ ಮೇಲೆ ನೀನೇ ಬರೆದಿದ್ದೀಯಲ್ಲ. ಊರೇ ಓದಿದೆ."

ಕೆಜಿಯಾ ತಿರುಗಿ ಪಟ ನೋಡಿದಳು: ಅಪ್ಪನದು 1790, ತನ್ನದು 1794. ಅಮ್ಮ ಕಂಡವರ ಬಟ್ಟೆ ಒಗೆದು ಅವಳನ್ನು ಸಾಕಿದ್ದಳು, ಇನ್ನೊಬ್ಬ ಗಂಡಸಿನ ಕಡೆ ಕಣ್ಣೆತ್ತಿರಲಿಲ್ಲ. ಸುಮ್ಮನಿದ್ದರೆ ಮದುವೆ. ಬಾಯಿಬಿಟ್ಟರೆ ಅಮ್ಮನ ಮಾನ ಉಳಿದೀತು.

"ಪಾಪವೂ ಇಲ್ಲ, ಮಣ್ಣೂ ಇಲ್ಲ!" ಎಂದು ಕಿರುಚಿದಳು. "ಅಂಕಿ ಕಿತ್ತವಳು ನಾನು. ನನಗೆ ನಲವತ್ತೆರಡು!"

ಡೀಕನ್ ಮುಖ ಸಣ್ಣದಾಯಿತು. ಮೆಲ್ಲಗೆ ಟೋಪಿ ಕೈಗೆತ್ತಿಕೊಂಡ.

"ಅಮ್ಮನ ತಪ್ಪಾಗಿದ್ದರೆ ಹೇಗೋ ನುಂಗಿಕೊಳ್ತಿದ್ದೆ, ಕೆಜಿಯಾ. ಆದರೆ ನಲವತ್ತೆರಡು..."

"ನಿಮಗೆಷ್ಟು, ಡೀಕನ್‌ರೇ?"

"ಗಂಡಸರ ಮಾತು ಬೇರೆ."

ಅವನು ಹೋದ ಮೇಲೆ ಕೆಜಿಯಾ ಮೇಜಿಗೆ ತಲೆಯಿಟ್ಟು ಅತ್ತಳು. ಅವನು ಹೋದನೆಂದಲ್ಲ. ಇಂಥವನಿಗಾಗಿ ಹೆತ್ತವಳ ಮಾನವನ್ನು ಗೋಡೆಗೆ ನೇತುಹಾಕಿದೆನಲ್ಲ ಎಂದು.

ಭಾನುವಾರ ಪ್ರಾರ್ಥನೆ ಮುಗಿದೊಡನೆ ಚರ್ಚಿನ ಮೆಟ್ಟಿಲ ಮೇಲೆ ಜಿಲ್ಫಾಳ ತೋಳು ಹಿಡಿದು ನಿಲ್ಲಿಸಿದಳು.

"ನನಗೆ ನಲವತ್ತೆರಡು, ಜಿಲ್ಫಾ. ಅಪ್ಪ ಮುಳುಗಿದಾಗ ನಾನು ನಾಲ್ಕು ವರ್ಷದ ಮಗು. ನಮ್ಮಮ್ಮ ಬಂಗಾರದಂಥ ಹೆಂಗಸು. ಸುಳ್ಳು ಹೊಲಿದವಳು ನಾನು."

"ಅಯ್ಯೋ, ಇದನ್ನೆಲ್ಲ ನನಗ್ಯಾಕೆ ಹೇಳ್ತೀರಮ್ಮ?"

"ಮನೆಮನೆಗೆ ಹೋಗಿ ಹೇಳೋಕೆ ನನಗೆ ಪುರುಸೊತ್ತಿಲ್ಲ. ನೀವಾದ್ರೆ ಮಧ್ಯಾಹ್ನದ ಊಟದೊಳಗೆ ಮುಗಿಸ್ತೀರಿ."