ಗಸಗಸೆಯ ಮೇಲೆ ಹೊರಿಸಿದ್ದು

ಶಮೀಮಳಿಗೆ ನಿದ್ದೆಮಾತ್ರೆ ಕೊಟ್ಟವಳು ನಾನು. ಅವಳು ಕಾಯಿಲೆ ಬಿದ್ದದ್ದು ಅವಳ ತಾಯಿ ಪಾವಗಡದಿಂದ ತಂದ ಗಸಗಸೆಯಿಂದಲ್ಲ — ನನ್ನಿಂದ. ಅದು ಗೊತ್ತಿದ್ದೂ ತಪ್ಪು ಆ ತಾಯಿಯ ತಲೆಗೆ ಬರುವಾಗ ಸುಮ್ಮನಿದ್ದೆ. ಸುಮ್ಮನಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ...

ಶಿರಾದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್. ಅದರ ಮೇಲೆ ಹೆಪ್ಪು, ಕರಿಬೇವು, ನಮ್ಮ ಒಬ್ಬಟ್ಟು, ಅವರ ರಂಜಾನಿನ ಶೀರ್ ಕುರ್ಮಾ ಪಾಯಸ ಎಲ್ಲ ಓಡಾಡುತ್ತವೆ. ಬಟ್ಟಲನ್ನು ಖಾಲಿ ಹಿಂದಿರುಗಿಸುವ ರೂಢಿ ಇಬ್ಬರಿಗೂ ಇಲ್ಲ. ಒಂದು ಬೆಲ್ಲದ ಚೂರಾದರೂ ಅದರಲ್ಲಿರಬೇಕು.

ತಂದೆ ತೀರಿಕೊಂಡ ಮೇಲೆ ಶಮೀಮಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಅವಳ ಅಮ್ಮಿ ಬಂದು ಉಳಿದು, ದಿನಾ ಗಸಗಸೆ ಅರೆದು ಹಾಲಿಗೆ ಬೆರೆಸಿ ಕೊಡುತ್ತಿದ್ದರು. ಒಂದು ಸಂಜೆ ಅವರ ಬಟ್ಟಲು ತೊಳೆದಿಟ್ಟಿದ್ದೆ, ಹಾಕಿ ಕೊಡಲು ಅಡುಗೆಮನೆಯಲ್ಲಿ ಏನೂ ಇರಲಿಲ್ಲ. ನಮ್ಮತ್ತೆಗೆ ಡಾಕ್ಟರು ಬರೆದುಕೊಟ್ಟಿದ್ದ ನಿದ್ದೆಮಾತ್ರೆ ಕಣ್ಣಿಗೆ ಬಿತ್ತು. ಮಾತ್ರೆಯ ಹಾಳೆಯಿಂದ ಎರಡನ್ನು ಕತ್ತರಿಸಿ ಬಟ್ಟಲಿಗೆ ಹಾಕಿದೆ. ಹೆಸರಿದ್ದ ಭಾಗ, ಅಂಚಿನ ಕೆಂಪು ಗೆರೆ ನನ್ನ ಕೈಯಲ್ಲೇ ಉಳಿಯಿತು. ಆ ಗೆರೆಯನ್ನು ಸೀರೆಯ ಅಂಚಿನಂತೆ ಬರೀ ಅಂದಕ್ಕೆ ಹಾಕಿದ್ದು ಅಂದುಕೊಂಡಿದ್ದೆ.

"ನರಕ್ಕೆ ಶಕ್ತಿ ಬರತ್ತೆ, ಮಲಗೋ ಮುಂಚೆ ತಗೋ," ಎಂದೆ. ಅವಳು ಕೇಳಿರಲಿಲ್ಲ — ನಾನೇ ಹೇಳಿದ ಸುಳ್ಳು. ನಿದ್ದೆಮಾತ್ರೆ ಅಂದರೆ ಹೆದರುತ್ತಾಳೆ ಅಂತ.

ಮಾರನೆಯ ದಿನ ಅವಳ ಕಣ್ಣಿನ ಸುತ್ತಿನ ಕಪ್ಪು ತುಸು ಇಳಿದಂತೆ ಕಂಡಿತು. ನನಗೆ ಎಷ್ಟು ಖುಷಿ! ಅತ್ತೆ ಎಷ್ಟೋ ದಿನ ಮಾತ್ರೆಯಿಲ್ಲದೇ ಮಲಗಿಬಿಡುತ್ತಿದ್ದರು, ಉಳಿದದ್ದೆಲ್ಲ ಗೋಡೆ ದಾಟಿತು, ತಿಂಗಳುಗಟ್ಟಲೆ. ಆಮೇಲೆ ಡಾಕ್ಟರು ಅತ್ತೆಗೆ ಅರ್ಧ, ಕಾಲು ಎಂದು ಇಳಿಸುತ್ತ ಮಾತ್ರೆ ನಿಲ್ಲಿಸಿದರು. ಶಮೀಮಳಿಗೆ ನಾನು ಒಂದೇ ಸಲಕ್ಕೆ ನಿಲ್ಲಿಸಿದೆ. "ಮುಗೀತು ಕಣೇ, ಇನ್ನು ಬೇಡ ನಿಂಗೆ," ಅಂದೆ, ಉಪ್ಪಿನಕಾಯಿ ಮುಗಿದಂತೆ.

ಕೆಲವೇ ದಿನಕ್ಕೆ ಅವಳ ಕೈಯಲ್ಲಿ ಟೀ ಲೋಟ ಸಾಸರಿನ ಮೇಲೆ ಗಡಗಡ ಅನ್ನತೊಡಗಿತು. ಒಂದು ಬೆಳಿಗ್ಗೆ ಫಿಟ್ಸ್ ಬಂದು ಬಿದ್ದಳು. ಆಸ್ಪತ್ರೆಯಲ್ಲಿ, ಏನಾದರೂ ತಗೊಳ್ಳುತ್ತಿದ್ದಳಾ ಎಂದು ಡಾಕ್ಟರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಾನು ನಿಲ್ಲಿಸಿದ್ದ ಮಾತ್ರೆ. ಅಮ್ಮಿ ಹೆದರುತ್ತಲೇ ಗಸಗಸೆ ಹಾಲಿನ ವಿಷಯ ಹೇಳಿದರು. ಶಮೀಮಳ ಗಂಡ ನಜೀರ್, ಕಡಲೇಕಾಯಿ ವ್ಯಾಪಾರದವರು, ನನ್ನ ಕಡೆ ತಿರುಗಿದರು.

"ಅಕ್ಕ, ನೀವು ಓದಿದೋರು. ಅದು ಅಫೀಮಿನ ಗಿಡದ್ದೇ ಅಲ್ವಾ?"

"ಹೂಂ... ಅದೇ ಗಿಡದ್ದು," ಎಂದೆ. "ಜಾಸ್ತಿ ಆದ್ರೆ ಹಿಂಗಾಗಬಹುದು."

ಕಾನ್ವೆಂಟಿನಲ್ಲಿ ಓದಿದವಳ ಮಾತು — ಯಾರೂ ಮರುಪ್ರಶ್ನೆ ಹಾಕಲಿಲ್ಲ. ನಜೀರ್ ಅಮ್ಮಿಯನ್ನು ಪಾವಗಡದ ಬಸ್ಸು ಹತ್ತಿಸಿ ಬಂದರು. ಇನ್ನು ಮನೆಗೆ ಬರುವುದು ಬೇಡ ಎಂದುಬಿಟ್ಟರಂತೆ. ಶಮೀಮ್ ಚೇತರಿಸಿಕೊಂಡಳು; ಮುಗಿದುಹೋದ 'ನರದ ಮಾತ್ರೆ'ಯ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ತಾಯಿ ಮಾತ್ರ ಆ ಹೊಸ್ತಿಲು ತುಳಿಯಲಿಲ್ಲ. ಎರಡು ರಂಜಾನ್ ಹಾಗೇ ಕಳೆದವು. ಗೋಡೆಯ ಮೇಲೆ ಶೀರ್ ಕುರ್ಮಾ ಬರುವುದು ನಿಲ್ಲಲಿಲ್ಲ, ನಾನು ತಿನ್ನುವುದೂ...

ಕೆಲವು ವಾರಗಳ ಹಿಂದೆ ನಮ್ಮಿಬ್ಬರ ಹೆಣ್ಣುಮಕ್ಕಳ ಕಾಲೇಜಿನಲ್ಲಿ ತಾಯಂದಿರ ಸಭೆ. ಮಾದಕ ವಸ್ತುಗಳ ಬಗ್ಗೆ ವಕೀಲೆಯೊಬ್ಬರು ಮಾತಾಡಿದರು. ಅಫೀಮು, ಹೆರಾಯಿನ್, ಗಾಂಜಾ ಒಂದು ಗುಂಪು. ಮನಸ್ಸಿನ ಮೇಲೆ ಕೆಲಸ ಮಾಡುವ ರಾಸಾಯನಿಕಗಳದು ಇನ್ನೊಂದು ಗುಂಪು. ಎರಡಕ್ಕೂ ಕಾನೂನು ಒಂದೇ, ಸಿಕ್ಕಿದ್ದು ಎಷ್ಟು ಅನ್ನುವುದರ ಮೇಲೆ ಶಿಕ್ಷೆ. ಹೆಂಡಕ್ಕೆ, ತಂಬಾಕಿಗೆ ಬೇರೆ ಕಾನೂನು. ಬೇರೆಯವರ ಮಕ್ಕಳ ಕಥೆ ಎಂಬಂತೆ ನಾನು ಕೇಳುತ್ತಿದ್ದೆ.

"ಗಸಗಸೆ ಕಾಯಿ ಗೀರಿದರೆ ಬರೋ ಹಾಲೇ ಅಫೀಮು. ಕಾಯಿ ಸಿಪ್ಪೆಗೂ ಕಾನೂನಿದೆ. ಅಡುಗೆ ಮನೆ ಬೀಜಕ್ಕಿಲ್ಲ, ಪಾಯಸ ಧೈರ್ಯವಾಗಿ ಮಾಡಿ," ಎಂದರು. ಎಲ್ಲರೂ ನಕ್ಕರು.

ಪಕ್ಕದಲ್ಲಿದ್ದ ಶಮೀಮ್ ನನ್ನ ಕೈ ಹಿಡಿದಳು. "ಅಕ್ಕಾ, ಕೇಳಿದ್ರಾ? ನಮ್ಮಮ್ಮಿ ತಪ್ಪಿಲ್ಲ."

ಅಷ್ಟರಲ್ಲಿ ವಕೀಲೆ ಒಂದು ಮಾತ್ರೆಯ ಹಾಳೆ ಎತ್ತಿ ತೋರಿಸಿದರು. ಕೆಂಪು ಗೆರೆ. ಈ ನಿದ್ದೆಮಾತ್ರೆಯೂ ಆ ಎರಡನೆಯ ಗುಂಪಿನದೇ, ಡಾಕ್ಟರ ಚೀಟಿ ಇದ್ದವರಿಗೆ ಮಾತ್ರ, ಪ್ರೀತಿಗೂ ಇನ್ನೊಬ್ಬರಿಗೆ ಕೊಡಬಾರದು, ಅಭ್ಯಾಸವಾದವರಿಗೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು... ಶಮೀಮಳ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಬೆಚ್ಚಗಿತ್ತು.

ಕಾಲೇಜಿನ ಹೊಂಗೆ ಮರದ ಕೆಳಗೆ ಎಲ್ಲ ಹೇಳಿದೆ. ಅವಳು ಬುರ್ಖಾದ ತೋಳಿನ ಗುಂಡಿ ತಿರುಗಿಸುತ್ತ ಕೇಳಿಸಿಕೊಂಡಳು.

"ಮಾತ್ರೆ ಕೊಟ್ಟಿದ್ದು ಹೋಗ್ಲಿ ಅಕ್ಕ," ಎಂದಳು. "ಅವತ್ತು ಹೂಂ ಅಂದ್ರಲ್ಲ..."

ಆ ಸಂಜೆಯೇ ಅವಳ ಜೊತೆ ಅವರ ಮನೆಗೆ ಹೋದೆ.

ನಜೀರ್ ಎದುರೂ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ಮರುದಿನ ನಾನೊಬ್ಬಳೇ ಪಾವಗಡಕ್ಕೆ ಹೋದೆ. ಅಮ್ಮಿ ಬಾಗಿಲಲ್ಲೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಅವರ ಕೈ ನಿಲ್ಲಲಿಲ್ಲ.

"ಅರೆ, ನನ್ ಗಸಗಸೆಗೆ ಜೈಲು ಹಾಕಿಸ್ಬುಟ್ಟಿದ್ದೆಯಲ್ಲಮ್ಮ," ಎಂದರು ಕೊನೆಗೆ. ನಕ್ಕರು. ಸೆರಗಿನಿಂದ ಕಣ್ಣೊರೆಸಿದ್ದನ್ನೂ ನಾನು ನೋಡಿದೆ.

ಈಗ ಅವರು ಶಮೀಮಳ ಮನೆಯಲ್ಲಿದ್ದಾರೆ. ಗೋಡೆಯಾಚೆ ಒರಳಿನ ಸದ್ದು ಕೇಳಿದರೆ ಮನಸ್ಸು ತುಂಬುತ್ತದೆ. ನಜೀರ್ ನನ್ನನ್ನು ಇನ್ನೂ 'ಅಕ್ಕ' ಅನ್ನುತ್ತಾರೆ, ಸಲಹೆ ಮಾತ್ರ ಕೇಳುವುದಿಲ್ಲ. ನಿನ್ನೆ ಅಮ್ಮಿ ಗಸಗಸೆ ಪಾಯಸ ಕಳಿಸಿದ್ದರು. ತಿಂದೆ, ಬಟ್ಟಲು ತೊಳೆದೆ. ಇವತ್ತು ಅದರಲ್ಲಿ ಬೆಲ್ಲ ಹಾಕಿದ್ದೇನೆ. ಗೋಡೆಯ ಮೇಲಿಂದಲ್ಲ — ಬಾಗಿಲಿಂದ ಹೋಗಿ ಅವರ ಕೈಗೇ ಕೊಡಬೇಕು.